ಲೂಪಿನಲ್ಲಿ ಒಂದೇ ಬಿಲ್ ಆಬ್ಜೆಕ್ಟ್, ಹಿಂದಿನ ಬಿಲ್ಲಿನ ತೆರಿಗೆ ಮುಂದಿನದಕ್ಕೆ ಬರುತ್ತಿದೆ. ರೀಸೆಟ್ ಮಾಡುವುದು ಹೇಗೆ?

ಪೀಣ್ಯ ಎರಡನೇ ಹಂತ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪಿಎಚ್‌ಪಿ 8.2, ಲಾರಾವೆಲ್ ಫ್ರೇಮ್‌ವರ್ಕ್. ಪ್ರಶ್ನೆ ಚಿಕ್ಕದು, ಹಿನ್ನೆಲೆ ಸ್ವಲ್ಪ ಉದ್ದ.

ಪೀಣ್ಯದಲ್ಲಿ ಬೇರಿಂಗ್ ಮಾರುವ ಒಂದು ಅಂಗಡಿಯ ಬಿಲ್ಲಿಂಗ್ ಸೈಟನ್ನು ನಾವು ನೋಡಿಕೊಳ್ಳುತ್ತೇವೆ. ಕೋಡ್ ನಾನು ಕೆಲಸಕ್ಕೆ ಸೇರುವ ಮೊದಲೇ ಇತ್ತು. ಬರೆದವರು ಈಗ ಇಲ್ಲ, ಕೇಳೋಣ ಅಂದರೆ ಸಿಗುವುದಿಲ್ಲ. ಸಂಜೆ ಅಂಗಡಿಯವರು ಒಂದು ಬಟನ್ ಒತ್ತಿದರೆ ಆ ದಿನದ ಆರ್ಡರುಗಳೆಲ್ಲ ಸಾಲಾಗಿ ಬಿಲ್ ಆಗಿ, ಪಿಡಿಎಫ್ ಆಗಿ, ಮೇಲ್ ಹೋಗುತ್ತವೆ.

ಲೂಪಿನ ಹೊರಗೆ ಒಂದು ಬಿಲ್ ಆಬ್ಜೆಕ್ಟ್ ಮಾಡಿಟ್ಟಿದ್ದಾರೆ. ಒಳಗೆ ಪ್ರತಿ ಆರ್ಡರಿಗೂ ಅದೇ ಆಬ್ಜೆಕ್ಟಿಗೆ ಗ್ರಾಹಕ, ಸರಕಿನ ಸಾಲುಗಳು, ಡಿಸ್ಕೌಂಟ್ ತುಂಬಿ ಪ್ರಿಂಟ್ ಮಾಡುತ್ತಾರೆ. ಅದರಲ್ಲಿ 'ಅಂತರರಾಜ್ಯ' ಎಂಬ ಪ್ರಾಪರ್ಟಿ ಇದೆ, ಶುರುವಿನಲ್ಲಿ ಫಾಲ್ಸ್. ಗ್ರಾಹಕರ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ 29 (ಕರ್ನಾಟಕದ ಕೋಡ್) ಅಲ್ಲದಿದ್ದರೆ ಅದನ್ನು ಟ್ರೂ ಮಾಡುವ ಒಂದು ಇಫ್ ಇದೆ. ಎಲ್ಸ್ ಇಲ್ಲ.

ಹೊಸೂರಿನ ಗ್ರಾಹಕರ ಬಿಲ್ ಬಂತು ಅಂದುಕೊಳ್ಳಿ. ತಮಿಳುನಾಡು, ಕೋಡ್ 33. ಹೊರರಾಜ್ಯದ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ 18%, ಸರಿ. ಮುಂದಿನ ಬಿಲ್ ಅತ್ತಿಬೆಲೆಯದು. ಅದೇ ರಸ್ತೆಯಲ್ಲಿ ಇನ್ನೂ ಈಚೆಗೆ, ಗಡಿ ದಾಟಿಲ್ಲ, ಕರ್ನಾಟಕವೇ. ಕೇಂದ್ರದ ಪಾಲು ಸಿಜಿಎಸ್‌ಟಿ 9, ರಾಜ್ಯದ ಪಾಲು ಎಸ್‌ಜಿಎಸ್‌ಟಿ 9 ಬರಬೇಕು. ಬರುವುದಿಲ್ಲ, ಅದಕ್ಕೂ ಐಜಿಎಸ್‌ಟಿಯೇ. ಆಮೇಲೆ ಆ ದಿನದ ಬಿಲ್ಲುಗಳೆಲ್ಲ ಹಾಗೇ.

ಇಷ್ಟು ದಿನ ಗೊತ್ತಾಗದೆ ಇರುವುದಕ್ಕೆ ಕಾರಣ ಇದೆ. ಹತ್ತು ಸಾವಿರದ ಸರಕಿಗೆ 1,800 ಒಂದೇ ಸಾಲಿನಲ್ಲಿ ಬಂದರೂ, 900 ಮತ್ತು 900 ಆಗಿ ಎರಡು ಸಾಲಿನಲ್ಲಿ ಬಂದರೂ ಒಟ್ಟು ಮೊತ್ತ 11,800. ದುಡ್ಡು ಕೊಡುವವರು ಕೆಳಗಿನ ಅಂಕಿ ಮಾತ್ರ ನೋಡುತ್ತಾರೆ, ಅಲ್ವಾ. ರಿಟರ್ನ್ ಹಾಕುವಾಗ ಆಡಿಟರ್ ಹಿಡಿದರು. ಹೊಸೂರಿನ ಆರ್ಡರ್ ಇಲ್ಲದ ದಿನ ಎಲ್ಲವೂ ಸರಿ. ಅದಕ್ಕೇ ಟೆಸ್ಟ್ ಮಾಡುವಾಗಲೂ ಸಿಕ್ಕಿಲ್ಲ ಅನ್ನಿಸುತ್ತದೆ.

ಎಲ್ಸ್ ಹಾಕಿ ಮುಗಿಸಬಹುದು, ಗೊತ್ತು. ಆದರೆ ಇಂಥ ಪ್ರಾಪರ್ಟಿಗಳು ಒಂದೆರಡಲ್ಲ. ಸಾಗಾಣಿಕೆ ಖರ್ಚು, ವಾಹನದ ನಂಬರ್, ಷರಾ, ಇನ್ನೂ ಏನೇನೋ. ಒಂದೇ ಏಟಿಗೆ ಆಬ್ಜೆಕ್ಟಿನ ಎಲ್ಲ ಪ್ರಾಪರ್ಟಿಗಳನ್ನೂ ಮೊದಲಿನ ಸ್ಥಿತಿಗೆ ತರುವ ಮಾರ್ಗ ಪಿಎಚ್‌ಪಿಯಲ್ಲಿ ಇದೆಯಾ?

---

ಟೀ ಬ್ರೇಕ್ ಉತ್ತರ:

ಇದೆ ಗುರು. ಲೂಪಿನ ಕೊನೆಯಲ್ಲಿ ಕನ್‌ಸ್ಟ್ರಕ್ಟರನ್ನೇ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್) ಮತ್ತೆ ಕರೆಯಿರಿ. ಅದೂ ಒಂದು ಮೆಥಡ್ ತಾನೇ, ಎಷ್ಟು ಸಲ ಬೇಕಾದರೂ ಕರೆಯಬಹುದು. ಆಗಲಿಲ್ಲ ಅಂದರೆ 'ದಿಸ್' ಮೇಲೆ ಫೋರ್‌ಈಚ್ ಓಡಿಸಿ ಎಲ್ಲದಕ್ಕೂ ನಲ್ ಹಾಕಿ, ಇಲ್ಲವೇ ಅನ್‌ಸೆಟ್ ಮಾಡಿ. ಎರಡು ಸಾಲಿನ ಕೆಲಸ.

---

ಪೀಣ್ಯ ಎರಡನೇ ಹಂತ:

ಥ್ಯಾಂಕ್ಸ್. ಎಲ್ಲವನ್ನೂ ಮಾಡಿ ನೋಡಿದೆ.

ಕನ್‌ಸ್ಟ್ರಕ್ಟರ್ ಮತ್ತೆ ಕರೆದರೆ ಎರರ್ ಏನೂ ಇಲ್ಲ, ಆದರೆ ಅಂತರರಾಜ್ಯ ಟ್ರೂ ಆಗಿಯೇ ಉಳಿಯುತ್ತದೆ. ನಮ್ಮ ಕನ್‌ಸ್ಟ್ರಕ್ಟರ್ ಒಳಗೆ ಅಂಗಡಿಯ ವಿಳಾಸ, ಲೋಗೋ, ಪಿಡಿಎಫ್ ಲೈಬ್ರರಿ ಇಷ್ಟನ್ನೇ ಹಾಕುವುದು.

ನಲ್ ಹಾಕಿದರೆ ಪಿಡಿಎಫ್ ಲೈಬ್ರರಿಯೂ ನಲ್ ಆಗಿ ಎರಡನೇ ಬಿಲ್ಲಿಗೇ ನಿಂತುಹೋಯಿತು. ಅದೊಂದನ್ನು ಬಿಟ್ಟು ಉಳಿದವಕ್ಕೆ ಹಾಕಿದರೆ, ಸಾಲುಗಳ ಮೇಲೆ ಕೌಂಟ್ ಮಾಡುವ ಕಡೆ ಟೈಪ್ ಎರರ್. ಖಾಲಿ ಅರೇ ಇರಬೇಕಾದ ಜಾಗದಲ್ಲಿ ನಲ್ ಇದೆ.

ಅನ್‌ಸೆಟ್ ಇನ್ನೂ ವಿಚಿತ್ರ. ಟೈಪ್ ಕೊಟ್ಟ ಪ್ರಾಪರ್ಟಿಗಳಲ್ಲಿ 'ಇನಿಶಿಯಲೈಸ್ ಆಗುವ ಮೊದಲೇ ಓದಬಾರದು' ಅನ್ನುವ ಅರ್ಥದ ಎರರ್ ಬರುತ್ತದೆ. ಕ್ಲಾಸಿನಲ್ಲಿ ಪಕ್ಕದಲ್ಲೇ ಫಾಲ್ಸ್ ಅಂತ ಬರೆದಿದೆಯಲ್ಲ, ಅದು ಯಾಕೆ ವಾಪಸ್ ಬರುವುದಿಲ್ಲ?

---

ಹಳೇ ಸರ್ವರ್ ಉತ್ತರ:

ಪೀಣ್ಯದವರೇ, ನಿಮ್ಮ ಕೊನೆಯ ಸಾಲೇ ಇಲ್ಲಿ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಸಂಜೆ ನಾಗಸಂದ್ರದ ಮೆಟ್ರೋದಲ್ಲಿ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ, ಹಾಗಾಗಿ ಕೋಡ್ ಹಾಕುವುದಿಲ್ಲ, ಮಾತಿನಲ್ಲೇ ಹೇಳುತ್ತೇನೆ.

ಕ್ಲಾಸಿನಲ್ಲಿ ಪ್ರಾಪರ್ಟಿಯ ಪಕ್ಕ ಬರೆದ ಫಾಲ್ಸ್ ಇದೆಯಲ್ಲ, ಅದು ಕ್ಲಾಸಿಗೆ ಸೇರಿದ್ದು, ಆಬ್ಜೆಕ್ಟಿಗಲ್ಲ. 'ನ್ಯೂ' ಅಂದ ಕ್ಷಣ ಪಿಎಚ್‌ಪಿ ಮೊದಲು ಆ ಡೀಫಾಲ್ಟುಗಳನ್ನೆಲ್ಲ ಹೊಸ ಆಬ್ಜೆಕ್ಟಿಗೆ ತುಂಬುತ್ತದೆ. ಆಮೇಲೆ ಕನ್‌ಸ್ಟ್ರಕ್ಟರನ್ನು ಕರೆಯುತ್ತದೆ. ಎರಡೂ ಬೇರೆ ಬೇರೆ ಹೆಜ್ಜೆ. ನೀವು ಕೈಯಾರೆ ಕನ್‌ಸ್ಟ್ರಕ್ಟರ್ ಕರೆದಾಗ ಎರಡನೇ ಹೆಜ್ಜೆ ಮಾತ್ರ ನಡೆಯುತ್ತದೆ, ಮೊದಲನೆಯದು ನಡೆಯುವುದೇ ಇಲ್ಲ. ಕನ್‌ಸ್ಟ್ರಕ್ಟರ್ ಒಳಗೆ ಅಂತರರಾಜ್ಯದ ಹೆಸರೇ ಇಲ್ಲದ ಮೇಲೆ ಅದು ಯಾಕೆ ಬದಲಾಗಬೇಕು?

ನಲ್ ಹಾಕುವುದೂ ಅನ್‌ಸೆಟ್ ಮಾಡುವುದೂ ಒಂದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬೆಲೆ ಇದೆಯಾ ಅಂತ ನೋಡುವ ಇಸ್‌ಸೆಟ್ ಎರಡಕ್ಕೂ ಫಾಲ್ಸ್ ಅನ್ನುವುದರಿಂದ ಹಾಗನ್ನಿಸುತ್ತದೆ. ನಲ್ ಹಾಕಿದರೆ ಪ್ರಾಪರ್ಟಿ ಇರುತ್ತದೆ, ಒಳಗೆ ನಲ್ ಎಂಬ ಬೆಲೆ ಇರುತ್ತದೆ. ಅನ್‌ಸೆಟ್ ಮಾಡಿದರೆ ಆ ಆಬ್ಜೆಕ್ಟಿನಿಂದ ಪ್ರಾಪರ್ಟಿಯನ್ನೇ ಕಿತ್ತ ಹಾಗೆ. ಟೈಪ್ ಇಲ್ಲದ್ದಾದರೆ ಓದುವಾಗ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಕ್ಲಾಸಿನಲ್ಲಿ ಮ್ಯಾಜಿಕ್ ಗೆಟ್ ಮೆಥಡ್ (ಇಲ್ಲದ ಪ್ರಾಪರ್ಟಿ ಓದಿದಾಗ ಓಡುವಂಥದ್ದು) ಇದ್ದರೆ ವಾರ್ನಿಂಗ್ ಬದಲು ಅದು ಎದ್ದು ಕೂರುತ್ತದೆ, ಅದು ಇನ್ನೊಂದು ತಲೆನೋವು. ಪಿಎಚ್‌ಪಿ 7.4ರಲ್ಲಿ, ಅಂದರೆ 2019ರಲ್ಲಿ, ಪ್ರಾಪರ್ಟಿಗಳಿಗೆ ಟೈಪ್ ಬರೆಯುವ ಸೌಲಭ್ಯ ಬಂತು. ಟೈಪ್ ಇದ್ದದ್ದನ್ನು ಅನ್‌ಸೆಟ್ ಮಾಡಿ ಓದಿದರೆ ನೇರವಾಗಿ ಎರರ್. ನೀವು ನೋಡಿದ್ದು ಅದೇ. ಎರಡು ದಾರಿಯಲ್ಲೂ ಡೀಫಾಲ್ಟ್ ವಾಪಸ್ ಬರುವುದಿಲ್ಲ. ಡೀಫಾಲ್ಟ್ ಬರುವ ಬಾಗಿಲು ನ್ಯೂ ಒಂದೇ.

'ದಿಸ್ ಈಕ್ವಲ್ಸ್ ನ್ಯೂ' ಅಂತ ಬರೆದು ನೋಡೋಣ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಪಿಎಚ್‌ಪಿ 4ರಲ್ಲಿ ಅದು ನಡೆಯುತ್ತಿತ್ತು. 5ರಿಂದ ಫೇಟಲ್ ಎರರ್.

ಇನ್ನೊಂದು ದಾರಿಯನ್ನು ನೀವೇ ಹುಡುಕಿ ಸಿಕ್ಕಿಹಾಕಿಕೊಳ್ಳುವ ಮೊದಲು ಅದನ್ನೂ ಹೇಳುತ್ತೇನೆ. 'ಗೆಟ್ ಕ್ಲಾಸ್ ವಾರ್ಸ್' ಎಂಬ ಫಂಕ್ಷನ್ ಇದೆ, ಅದು ಕ್ಲಾಸಿನ ಡೀಫಾಲ್ಟುಗಳ ಪಟ್ಟಿ ಕೊಡುತ್ತದೆ. ಅದರ ಮೇಲೆ ಲೂಪ್ ಓಡಿಸಿ ಒಂದೊಂದನ್ನೂ ವಾಪಸ್ ತುಂಬಬಹುದು. ನೋಡಲು ಚೆಂದ. ಆದರೆ ಅದು ನೀವು ನಿಂತ ಜಾಗದಿಂದ ಕಾಣುವ ಪ್ರಾಪರ್ಟಿಗಳನ್ನು ಮಾತ್ರ ಕೊಡುತ್ತದೆ. ಪೇರೆಂಟ್ ಕ್ಲಾಸಿನಲ್ಲಿ ಬರೆದರೆ ಚೈಲ್ಡ್ ಕ್ಲಾಸಿನ ಪ್ರೈವೇಟ್‌ಗಳು ತಪ್ಪಿಹೋಗುತ್ತವೆ. ಟೈಪ್ ಇದ್ದು ಡೀಫಾಲ್ಟ್ ಇಲ್ಲದವು ಪಟ್ಟಿಯಲ್ಲೇ ಬರುವುದಿಲ್ಲ. 8.0ರಲ್ಲಿ ಬಂದ ಹಾಗೆ ಕನ್‌ಸ್ಟ್ರಕ್ಟರ್ ಬ್ರಾಕೆಟ್ಟಿನಲ್ಲೇ ಪ್ರಾಪರ್ಟಿ ಬರೆದು ಪಕ್ಕದಲ್ಲಿ ಬೆಲೆ ಕೊಟ್ಟಿದ್ದರೆ, ಅದು ಪ್ಯಾರಾಮೀಟರಿನ ಡೀಫಾಲ್ಟ್, ಪ್ರಾಪರ್ಟಿಯದಲ್ಲ. ಇಲ್ಲಿ ಸಿಗುವುದಿಲ್ಲ. ಸ್ಟ್ಯಾಟಿಕ್‌ಗಳು ಮಾತ್ರ ಬೇಡ ಅಂದರೂ ಬರುತ್ತವೆ. ಹತ್ತು ಪ್ರಾಪರ್ಟಿಯಲ್ಲಿ ಎಂಟು ರೀಸೆಟ್ ಆಗಿ ಎರಡು ಸುಮ್ನೆ ಉಳಿದುಬಿಟ್ಟರೆ, ಈಗ ಇರುವ ಬಗ್‌ಗಿಂತ ಕೆಟ್ಟ ಬಗ್ ಅದು.

ಹಾಗಾದರೆ ಏನು ಮಾಡಬೇಕು? ರೀಸೆಟ್ ಮಾಡಬೇಡಿ. ಲೂಪಿನ ಒಳಗೆ ನ್ಯೂ ಮಾಡಿ. ಊಟಕ್ಕೆ ಹೊಸ ಬಾಳೆ ಎಲೆ ಹಾಕುವ ಅನುಕೂಲ ಇರುವಾಗ ತಟ್ಟೆ ಯಾರು ಸರಿಯಾಗಿ ತೊಳೆದರು, ಯಾರು ತೊಳೆಯಲಿಲ್ಲ ಅಂತ ಯಾಕೆ ನೋಡುತ್ತಾ ಕೂರಬೇಕು?

ನಿಮ್ಮ ಹಿಂದಿನವರು ಲೂಪಿನ ಹೊರಗೆ ಯಾಕೆ ಇಟ್ಟರು ಅಂತ ಊಹಿಸಬಲ್ಲೆ. ಎರಡು ಕಾರಣ ಇರಬಹುದು. ಒಂದು, ಪ್ರತಿ ಸಲ ನ್ಯೂ ಮಾಡಿದರೆ ಮೆಮೊರಿ ಜಾಸ್ತಿ ತಿನ್ನುತ್ತದೆ ಅನ್ನುವ ನಂಬಿಕೆ. ಹಾಗೇನಿಲ್ಲ. ಅದೇ ವೇರಿಯಬಲ್‌ಗೆ ಹೊಸ ಆಬ್ಜೆಕ್ಟ್ ಬಂದ ತಕ್ಷಣ ಹಳೆಯದನ್ನು ಹಿಡಿದವರು ಯಾರೂ ಇಲ್ಲದಿದ್ದರೆ ಪಿಎಚ್‌ಪಿ ಆಗಲೇ ಅದನ್ನು ಬಿಟ್ಟುಬಿಡುತ್ತದೆ. ಹೊಸದು ಪೂರ್ತಿ ಆದ ಮೇಲೆ ಹಳೆಯದು ಹೋಗುವುದರಿಂದ ಒಂದು ಗಳಿಗೆ ಎರಡು ಇರುತ್ತವೆ, ಅಷ್ಟೇ. ಆರ್ಡರ್ ಎಷ್ಟೇ ಇರಲಿ, ಎರಡೇ.

ಎರಡನೆಯ ಕಾರಣ ನ್ಯಾಯವಾದದ್ದು. ನಿಮ್ಮ ಕನ್‌ಸ್ಟ್ರಕ್ಟರ್ ಲೋಗೋ ಓದುತ್ತದೆ, ಪಿಡಿಎಫ್ ಲೈಬ್ರರಿ ಎಬ್ಬಿಸುತ್ತದೆ. ಅದು ಭಾರದ ಕೆಲಸ, ಪ್ರತಿ ಬಿಲ್ಲಿಗೂ ಬೇಡ. ಇಲ್ಲೇ ನೋಡಿ ಗಂಟು ಇರುವುದು. ಒಂದೇ ಕ್ಲಾಸಿನಲ್ಲಿ ಎರಡು ಬಗೆಯ ಸಾಮಾನು ತುಂಬಿದ್ದಾರೆ. ಅಂಗಡಿಯ ಹೆಸರು, ವಿಳಾಸ, ಲೋಗೋ, ಪಿಡಿಎಫ್ ಲೈಬ್ರರಿ ಒಂದು ಬಗೆ. ಅವು ದಿನವಿಡೀ ಬದಲಾಗುವುದಿಲ್ಲ. ಗ್ರಾಹಕ, ಸಾಲುಗಳು, ಡಿಸ್ಕೌಂಟ್, ಅಂತರರಾಜ್ಯ, ವಾಹನದ ನಂಬರ್ ಇನ್ನೊಂದು ಬಗೆ. ಅವು ಬಿಲ್ಲಿಗೊಂದು ಥರ. ನಲ್ ಹಾಕಿದಾಗ ಪಿಡಿಎಫ್ ಲೈಬ್ರರಿ ಸತ್ತಿದ್ದೂ ಇದಕ್ಕೇ, ಕನ್‌ಸ್ಟ್ರಕ್ಟರ್ ಕರೆದಾಗ ಅಂತರರಾಜ್ಯ ಅಲ್ಲಾಡದೆ ಇದ್ದದ್ದೂ ಇದಕ್ಕೇ. ಎಲ್ಲ ರೀಸೆಟ್ ಮಾಡು ಅಂದರೆ ಇರಬೇಕಾದದ್ದೂ ಹೋಗುತ್ತದೆ, ಬಿಡು ಅಂದರೆ ಹೋಗಬೇಕಾದದ್ದು ಉಳಿಯುತ್ತದೆ.

ಎರಡು ಕ್ಲಾಸ್ ಮಾಡಿ. ಬಿಲ್ ಪ್ರಿಂಟರ್ ಅಂತ ಒಂದು, ಲೂಪಿನ ಹೊರಗೆ, ಒಂದೇ ಸಲ. ಬಿಲ್ ಅಂತ ಒಂದು, ಒಳಗೆ, ಪ್ರತಿ ಆರ್ಡರಿಗೂ ಹೊಸದು. ಪ್ರಿಂಟರಿಗೆ ಬಿಲ್ಲನ್ನು ಕೊಟ್ಟು ಪಿಡಿಎಫ್ ತೆಗೆದುಕೊಳ್ಳಿ. ಪ್ರಿಂಟರ್ ಆ ಬಿಲ್ಲನ್ನು ತನ್ನ ಪ್ರಾಪರ್ಟಿಯಲ್ಲಿ ಇಟ್ಟುಕೊಳ್ಳಕೂಡದು, ಮೆಥಡ್‌ನ ಪ್ಯಾರಾಮೀಟರ್ ಆಗಿ ಮಾತ್ರ ನೋಡಬೇಕು. ಇಲ್ಲದಿದ್ದರೆ ಇದೇ ಬಗ್ ಈ ಮನೆಯಿಂದ ಆ ಮನೆಗೆ ಹೋದ ಹಾಗಾಯಿತು.

ಅಂತರರಾಜ್ಯ ಎಂಬ ಪ್ರಾಪರ್ಟಿಯನ್ನಂತೂ ತೆಗೆದೇ ಹಾಕಿ. ಗ್ರಾಹಕರ ರಾಜ್ಯದ ಕೋಡ್ ಬಿಲ್ಲಿನಲ್ಲೇ ಇದೆಯಲ್ಲ. ಕೇಳಿದಾಗ 29 ಹೌದೋ ಅಲ್ಲವೋ ಅಂತ ಲೆಕ್ಕ ಹಾಕಿ ಹೇಳುವ ಒಂದು ಮೆಥಡ್ ಸಾಕು. ಎಲ್ಲೂ ಇಟ್ಟುಕೊಳ್ಳದ ಬೆಲೆಗೆ ರೀಸೆಟ್ ಯಾಕೆ ಬೇಕು?

---

ಟೀ ಬ್ರೇಕ್:

ಸರ್, ಒಪ್ಪಿದೆ. ಆದರೆ ಒಂದು ಅನುಮಾನ. ಖಾಲಿ ಬಿಲ್ ಒಂದನ್ನು ತಯಾರು ಮಾಡಿಟ್ಟುಕೊಂಡು ಪ್ರತಿ ಸಲ ಅದನ್ನು ಕ್ಲೋನ್, ಅಂದರೆ ನಕಲು, ಮಾಡಿದರೆ? ಕ್ಲಾಸ್ ಒಡೆಯುವ ಕೆಲಸ ಉಳಿಯುತ್ತದಲ್ಲ. ಇವರ ಕ್ಲೈಂಟ್ ನಾಳೆಗೇ ಬೇಕು ಅನ್ನುತ್ತಿರಬಹುದು.

---

ಹಳೇ ಸರ್ವರ್:

ನಾಳೆಗೇ ಬೇಕು ಅಂದರೆ ಕ್ಲೋನ್ ಒಳ್ಳೆಯ ಉಪಾಯ. ಕೊಂಕು ತೆಗೆಯುತ್ತಿಲ್ಲ, ನಿಜವಾಗಿಯೂ. ಲೋಗೋ ಓದಿ ಆಗಿರುತ್ತದೆ, ಡೀಫಾಲ್ಟುಗಳು ಹಾಗೇ ಇರುತ್ತವೆ, ಕ್ಲೋನ್ ಮಾಡಿದಾಗ ಕನ್‌ಸ್ಟ್ರಕ್ಟರ್ ಮತ್ತೆ ಓಡುವುದಿಲ್ಲ. ಸಾಲುಗಳ ಅರೇ ಕೂಡ ಒಂದೊಂದು ನಕಲಿಗೂ ಬೇರೆಯೇ, ಯಾಕೆಂದರೆ ಪಿಎಚ್‌ಪಿಯಲ್ಲಿ ಅರೇ ಎಂದರೆ ಬರೀ ಬೆಲೆ, ಹಂಚಿಕೊಳ್ಳುವ ಆಬ್ಜೆಕ್ಟ್ ಅಲ್ಲ.

ಆದರೆ ಬಿಲ್ ಒಳಗೆ ಇನ್ನೊಂದು ಆಬ್ಜೆಕ್ಟ್ ಇದ್ದರೆ ಅದು ಕ್ಲೋನ್ ಆಗುವುದಿಲ್ಲ. ಎರಡು ಬಿಲ್ಲೂ ಅದೇ ಒಂದನ್ನು ತೋರಿಸುತ್ತವೆ. ಪಿಡಿಎಫ್ ಲೈಬ್ರರಿಗೂ ಇದೇ ಮಾತು. ಕೆಲವು ಲೈಬ್ರರಿಗಳಲ್ಲಿ ಹಿಂದಿನ ಪುಟ ಒಳಗೇ ಉಳಿದಿರುತ್ತದೆ, ನೋಡಿಕೊಳ್ಳಿ. ಬಿಲ್ ತಾರೀಖು ಡೇಟ್‌ಟೈಮ್ ಆಗಿದ್ದು, ಅದಕ್ಕೆ ಮೂವತ್ತು ದಿನ ಸೇರಿಸಿ ದುಡ್ಡು ಕಟ್ಟುವ ಕೊನೆಯ ದಿನ ಕಂಡುಹಿಡಿಯುವ ಕೋಡ್ ಇದೆ ಅಂದುಕೊಳ್ಳಿ. ಮೊದಲ ಬಿಲ್ಲಿನಲ್ಲಿ ಸೇರಿಸಿದ ಮೂವತ್ತು ದಿನ ಖಾಲಿ ಮಾದರಿಗೂ ಸೇರಿಬಿಡುತ್ತದೆ. ಎರಡನೇ ಬಿಲ್ಲಿಗೆ ಅರವತ್ತು. ಹತ್ತನೇ ಗ್ರಾಹಕರಿಗೆ ನೀವು ಹತ್ತು ತಿಂಗಳ ಸಾಲ ಕೊಟ್ಟಿರುತ್ತೀರಿ. ಅವರೇನೂ ದೂರು ಹೇಳುವುದಿಲ್ಲ ಬಿಡಿ. ಮ್ಯಾಜಿಕ್ ಕ್ಲೋನ್ ಮೆಥಡ್ ಬರೆದು ಒಳಗಿನವನ್ನೂ ಕ್ಲೋನ್ ಮಾಡಿ, ಇಲ್ಲವೇ ತಾನು ಬದಲಾಗದ ಡೇಟ್‌ಟೈಮ್ ಇಮ್ಯೂಟಬಲ್ ಬಳಸಿ. ಎರಡನೆಯದು ಸುಲಭ.

ಈಗ ಪೀಣ್ಯದವರಿಗೆ ಒಂದು ಪ್ರಶ್ನೆ. ಮೇಲ್ ಯಾವಾಗ ಹೋಗುತ್ತದೆ? ಲೂಪಿನ ಒಳಗೇ ಒಂದೊಂದಾಗಿಯೋ, ಎಲ್ಲ ಮುಗಿದ ಮೇಲೋ?

---

ಪೀಣ್ಯ ಎರಡನೇ ಹಂತ:

ಒಂದೊಂದಾಗಿ, ಸರ್. ಆದರೆ ಬಿಲ್ಲುಗಳನ್ನೆಲ್ಲ ಒಂದು ಅರೇಗೆ ಹಾಕಿಟ್ಟು ಕೊನೆಯಲ್ಲಿ ಒಟ್ಟಿಗೆ ಕಳಿಸುವ ಕೋಡ್ ಒಂದು ಇದೆ. ಅದನ್ನು ಕಾಮೆಂಟ್ ಮಾಡಿ ಮುಚ್ಚಿದ್ದಾರೆ. ಮೇಲೆ ಇಂಗ್ಲಿಷಿನಲ್ಲಿ 'ಕೆಲಸ ಮಾಡುವುದಿಲ್ಲ, ಯಾಕೆ ಗೊತ್ತಿಲ್ಲ' ಅಂತ ಬರೆದಿದೆ.

---

ಹಳೇ ಸರ್ವರ್:

ನಗು ಬಂತು, ಕ್ಷಮಿಸಿ. ಯಾಕೆ ಅಂತ ಈಗ ಹೇಳಬಹುದು.

2004ರಲ್ಲಿ ಪಿಎಚ್‌ಪಿ 5 ಬಂದಾಗಿನಿಂದ ವೇರಿಯಬಲ್ಲಿನಲ್ಲಿ ಆಬ್ಜೆಕ್ಟ್ ಇರುವುದಿಲ್ಲ, ಅದನ್ನು ಹಿಡಿಯುವ ಹಿಡಿ ಇರುತ್ತದೆ. ಒಂದು ವೇರಿಯಬಲ್‌ನಿಂದ ಇನ್ನೊಂದಕ್ಕೆ ಕೊಟ್ಟರೆ, ಅರೇಗೆ ತುಂಬಿದರೆ, ಹಿಡಿ ಎರಡಾಗುತ್ತದೆ, ಆಬ್ಜೆಕ್ಟ್ ಒಂದೇ. ಪಿಎಚ್‌ಪಿ 4ರಲ್ಲಿ ಹಾಗಿರಲಿಲ್ಲ, ಕೊಟ್ಟಾಗೆಲ್ಲ ಪ್ರತಿ ಆಗುತ್ತಿತ್ತು. ನಿಮ್ಮ ಅರೇಯಲ್ಲಿ ನಲವತ್ತು ಬಿಲ್ ಇದ್ದವು ಅನ್ನಿ. ಅವೆಲ್ಲ ಅದೇ ಒಂದು ಆಬ್ಜೆಕ್ಟಿನ ನಲವತ್ತು ಹಿಡಿ. ಲೂಪ್ ಮುಗಿದಾಗ ಅದರಲ್ಲಿ ಇರುವುದು ಕೊನೆಯ ಗ್ರಾಹಕ. ನಲವತ್ತು ಮೇಲ್‌ಗಳೂ ಆ ಒಬ್ಬರಿಗೇ ಹೋಗಿರುತ್ತವೆ. ನೀವು ಕೇಳಿದ ಹಾಗೆ ಪಕ್ಕಾ ರೀಸೆಟ್ ಬರೆದು ಅಂತರರಾಜ್ಯ ಸರಿ ಮಾಡಿದ್ದರೂ ಇದು ಸರಿ ಆಗುತ್ತಿರಲಿಲ್ಲ. ರೀಸೆಟ್ ಎಂದರೆ ಎಲ್ಲ ಹಿಡಿಗಳ ತುದಿಯಲ್ಲೂ ಒಟ್ಟಿಗೆ ಬದಲಾವಣೆ. ನ್ಯೂ ಮಾಡಿದರೆ ಆ ಮುಚ್ಚಿದ ಕೋಡ್ ಏನೂ ಮುಟ್ಟದೆ ತಾನೇ ನಡೆಯುತ್ತದೆ, ತೆಗೆದು ನೋಡಿ.

ರೀಸೆಟ್ ನಿಜಕ್ಕೂ ಬೇಕಾಗುವ ಜಾಗ ಇಲ್ಲ ಅಂತಲ್ಲ. ಹಲವರು ಒಂದೇ ಆಬ್ಜೆಕ್ಟನ್ನು ಹಿಡಿದುಕೊಂಡಿದ್ದು, ಎಲ್ಲರ ಕೈಗೂ ಹೊಸದನ್ನು ಕೊಡಲು ಆಗದೆ ಇದ್ದಾಗ ಬೇಕು. ವೆಬ್‌ನಲ್ಲಿ ಮೊದಲು ಈ ತಾಪತ್ರಯ ಕಡಿಮೆ ಇತ್ತು. ಮಾಮೂಲಿ ಪಿಎಚ್‌ಪಿಯಲ್ಲಿ ಪೇಜ್ ಕೊಟ್ಟು ಮುಗಿದ ಕೂಡಲೇ ಎಲ್ಲ ಆಬ್ಜೆಕ್ಟುಗಳೂ ಸಾಯುತ್ತವೆ, ಮುಂದಿನ ರಿಕ್ವೆಸ್ಟಿಗೆ ಎಲ್ಲ ಹೊಸದು. ಹಾಗಾಗಿ ನಮಗೆಲ್ಲ ಚೊಕ್ಕಟ ಮಾಡುವ ಅಭ್ಯಾಸವೇ ಇಲ್ಲ. ಈಗ ಲಾರಾವೆಲ್‌ನ ಕ್ಯೂ ವರ್ಕರ್, ಆಕ್ಟೇನ್, ಸ್ವೂಲ್, ರೋಡ್‌ರನ್ನರ್, ಫ್ರಾಂಕನ್‌ಪಿಎಚ್‌ಪಿಯ ವರ್ಕರ್ ಮೋಡ್ ಇವೆಲ್ಲ ಬಂದಿವೆ. ಇವುಗಳಲ್ಲಿ ಪ್ರೊಸೆಸ್ ಸಾಯುವುದಿಲ್ಲ. ಸಿಂಗಲ್‌ಟನ್ (ಎಲ್ಲರಿಗೂ ಒಂದೇ ಆಬ್ಜೆಕ್ಟ್) ಆಗಿ ಇಟ್ಟ ಸರ್ವಿಸ್ ಒಂದು ರಿಕ್ವೆಸ್ಟಿನಿಂದ ಇನ್ನೊಂದಕ್ಕೆ ಹಾಗೇ ದಾಟುತ್ತದೆ. ನಿಮ್ಮ ಲೂಪಿನಲ್ಲಿ ಆದದ್ದೇ ಅಲ್ಲಿ ಗ್ರಾಹಕರಿಂದ ಗ್ರಾಹಕರಿಗೆ ಆಗುತ್ತದೆ. ಒಬ್ಬರ ಬಿಲ್ಲಿನ ವಿವರ ಇನ್ನೊಬ್ಬರ ಪರದೆಯ ಮೇಲೆ ಕಾಣಬಹುದು. ತೆರಿಗೆ ತಪ್ಪುವುದಕ್ಕಿಂತ ದೊಡ್ಡ ರಗಳೆ ಅದು.

ಸಿಂಫನಿ ಎಂಬ ಇನ್ನೊಂದು ಪಿಎಚ್‌ಪಿ ಫ್ರೇಮ್‌ವರ್ಕಿನವರು ಇದಕ್ಕೇ ಅಂತ ರೀಸೆಟ್ ಇಂಟರ್‌ಫೇಸ್ ಇಟ್ಟಿದ್ದಾರೆ, ಒಂದೇ ಮೆಥಡ್, ಅದರ ಹೆಸರೂ ರೀಸೆಟ್. ಲಾರಾವೆಲ್‌ನಲ್ಲಿ ಸಿಂಗಲ್‌ಟನ್ ಬದಲು ಸ್ಕೋಪ್ಡ್ ಅಂತ ನೋಂದಾಯಿಸಿದರೆ, ಆಕ್ಟೇನ್ ಹೊಸ ರಿಕ್ವೆಸ್ಟ್ ಎತ್ತಿಕೊಂಡಾಗ, ಇಲ್ಲವೇ ವರ್ಕರ್ ಹೊಸ ಜಾಬ್ ಎತ್ತಿಕೊಂಡಾಗ ಹಳೆಯದನ್ನು ಬಿಸಾಕುತ್ತದೆ. ನನಗೆ ಲಾರಾವೆಲ್‌ನ ಈ ದಾರಿಯೇ ಇಷ್ಟ. ಅದೂ ಒಳಗೊಳಗೆ ಹೊಸದನ್ನು ಮಾಡುವುದೇ ತಾನೇ.

ರೀಸೆಟ್ ಮೆಥಡ್ ಬರೆಯಲೇಬೇಕು ಅಂದರೆ ಒಂದು ನಿಯಮ ಇಟ್ಟುಕೊಳ್ಳಿ. ಪ್ರಾಪರ್ಟಿಯ ಪಕ್ಕ ಡೀಫಾಲ್ಟ್ ಬರೆಯಬೇಡಿ. ಎಲ್ಲ ಶುರುವಿನ ಬೆಲೆಗಳನ್ನೂ ರೀಸೆಟ್ ಒಳಗೇ ಬರೆದು, ಕನ್‌ಸ್ಟ್ರಕ್ಟರಿನಿಂದ ಅದನ್ನೇ ಕರೆಯಿರಿ. ಆಗ ಟೈಪ್ ಕೊಟ್ಟ ಹೊಸ ಪ್ರಾಪರ್ಟಿ ಸೇರಿಸಿದವರು ರೀಸೆಟ್‌ನಲ್ಲಿ ಬರೆಯಲು ಮರೆತರೆ, ಅದನ್ನು ಮೊದಲ ಸಲ ಓದುವಾಗಲೇ ನೀವು ನೋಡಿದ ಆ 'ಇನಿಶಿಯಲೈಸ್' ಎರರ್ ಬಂದು ಗೊತ್ತಾಗುತ್ತದೆ. ಎರಡು ಕಡೆ ಬರೆದರೆ ಒಂದು ಕಡೆ ಮರೆಯುವುದು ಖಂಡಿತ.

---

ಬಿಟಿಎಂ ಬ್ರೌಸರ್ ಉತ್ತರ:

ನಾನು ಜಾವಾಸ್ಕ್ರಿಪ್ಟ್ ಕಡೆಯವಳು. ಇಲ್ಲಿ ಹೇಳಿದ್ದೆಲ್ಲ ನಮ್ಮಲ್ಲೂ ಬೇರೆ ವೇಷದಲ್ಲಿ ಇದೆ, ಹಾಗಾಗಿ ಸ್ವಲ್ಪ ಸೇರಿಸುತ್ತೇನೆ. ಪೀಣ್ಯದವರ ಬಿಲ್ ತುಂಬುವ ಪೇಜಿನಲ್ಲೂ ಹೇಗೂ ಒಂದು 'ಹೊಸ ಬಿಲ್' ಬಟನ್ ಇರುತ್ತದೆ.

ಜಾವಾಸ್ಕ್ರಿಪ್ಟಿನ ವ್ಯೂ 3 ಫ್ರೇಮ್‌ವರ್ಕಿನಲ್ಲಿ ಫಾರ್ಮಿನ ಸ್ಟೇಟನ್ನು ರಿಯಾಕ್ಟಿವ್ (ಬದಲಾದರೆ ಪರದೆಯೂ ಬದಲಾಗುವ) ಆಬ್ಜೆಕ್ಟ್ ಆಗಿ ಇಟ್ಟಿದ್ದರೆ ಹಳೇ ಸರ್ವರ್ ಅವರ 'ಹೊಸದು ಮಾಡಿ' ಅನ್ನುವ ಸಲಹೆ ನೇರವಾಗಿ ನಡೆಯುವುದಿಲ್ಲ. ವೇರಿಯಬಲ್‌ಗೆ ಹೊಸ ಆಬ್ಜೆಕ್ಟ್ ಹಾಕಿದರೆ ಪೇಜ್ ಇನ್ನೂ ಹಳೆಯದನ್ನೇ ಹಿಡಿದುಕೊಂಡಿರುತ್ತದೆ, ಪರದೆಯಲ್ಲಿ ಏನೂ ಬದಲಾಗುವುದಿಲ್ಲ. ಅವರು ಹೇಳಿದ 'ಎಲ್ಲರ ಕೈಗೂ ಹೊಸದನ್ನು ಕೊಡಲಾಗದ' ಜಾಗ ಇದೇ. ಇಲ್ಲಿ ಆಬ್ಜೆಕ್ಟ್ ಅಸೈನ್ ಬಳಸಿ ಅದೇ ಆಬ್ಜೆಕ್ಟಿನ ಮೇಲೆ ಖಾಲಿ ಬೆಲೆಗಳನ್ನು ಬರೆಯುತ್ತೇವೆ.

ಖಾಲಿ ಬೆಲೆಗಳನ್ನು ಒಂದು ಕಾನ್ಸ್ಟ್ ಆಬ್ಜೆಕ್ಟ್ ಆಗಿ ಮೇಲೆ ಬರೆದಿಡಬೇಡಿ, ಫಂಕ್ಷನ್ ಆಗಿ ಬರೆಯಿರಿ, ಕರೆದಾಗೆಲ್ಲ ಹೊಸದು ಕೊಡುವ ಹಾಗೆ. ನಮ್ಮಲ್ಲಿ ಅರೇ ಕೂಡ ಆಬ್ಜೆಕ್ಟೇ, ಪಿಎಚ್‌ಪಿಯ ಹಾಗಲ್ಲ. ಆಬ್ಜೆಕ್ಟ್ ಅಸೈನ್ ಮೇಲಿನ ಪದರವನ್ನಷ್ಟೇ ನಕಲು ಮಾಡುತ್ತದೆ. ಕಾನ್ಸ್ಟ್ ಒಳಗಿನ ಖಾಲಿ ಸಾಲುಗಳ ಅರೇಯೇ ಫಾರ್ಮಿಗೆ ಹೋಗಿ, ಅಲ್ಲಿ ಬೇರಿಂಗ್ ಸೇರಿಸಿದರೆ ಕಾನ್ಸ್ಟ್‌ಗೂ ಸೇರುತ್ತದೆ. ಮುಂದಿನ ಸಲ ರೀಸೆಟ್ ಒತ್ತಿದರೆ 'ಖಾಲಿ' ಬಿಲ್ಲಿನಲ್ಲಿ ಹಿಂದಿನವರ ಬೇರಿಂಗ್ ಕೂತಿರುತ್ತದೆ. ಇನ್ನೊಂದು, ಆಬ್ಜೆಕ್ಟ್ ಅಸೈನ್ ಇರುವ ಕೀಗಳನ್ನು ತುಂಬುತ್ತದೆಯೇ ಹೊರತು ಹೆಚ್ಚಿಗೆ ಬಂದು ಸೇರಿದ್ದನ್ನು ಅಳಿಸುವುದಿಲ್ಲ. ನಡುವೆ ಯಾರೋ ಹೊಸ ಕೀ ಅಂಟಿಸಿದ್ದರೆ ಡಿಲೀಟ್ ಮಾಡಿಯೇ ತೆಗೆಯಬೇಕು.

ಎಚ್‌ಟಿಎಂಎಲ್ ಫಾರ್ಮಿನ ರೀಸೆಟ್ ಬಗ್ಗೆಯೂ ಜನಕ್ಕೆ ಗೊಂದಲ ಇದೆ. ಅದು ಫಾರ್ಮನ್ನು ಖಾಲಿ ಮಾಡುವುದಿಲ್ಲ, ಪೇಜ್ ಬಂದಾಗ ಎಚ್‌ಟಿಎಂಎಲ್‌ನಲ್ಲಿ ಏನು ಬರೆದಿತ್ತೋ ಅದಕ್ಕೆ ವಾಪಸ್ ಒಯ್ಯುತ್ತದೆ. ಹೊಸೂರಿನ ಹಳೇ ಬಿಲ್ಲನ್ನು ತಿದ್ದಲು ತೆಗೆದ ಪೇಜಿನಲ್ಲಿ ರೀಸೆಟ್ ಒತ್ತಿದರೆ ಹೊಸೂರೇ ವಾಪಸ್ ಬರುತ್ತದೆ. ಅಂಗಡಿಯವರಿಗೆ ಬೇಕಾದದ್ದು ಯಾವುದು ಅಂತ ಮೊದಲು ಕೇಳಿ.

---

ಪೀಣ್ಯ ಎರಡನೇ ಹಂತ:

ಎಲ್ಲರಿಗೂ ಥ್ಯಾಂಕ್ಸ್. ಮಾಡಿದ್ದು ಇಷ್ಟು. ಅವತ್ತು ರಾತ್ರಿಗೆ ಟೀ ಬ್ರೇಕ್ ಹೇಳಿದ ಕ್ಲೋನ್ ಹಾಕಿ ಓಡಿಸಿದೆ. ಆಮೇಲೆ ಕ್ಲಾಸ್ ಒಡೆದು ಪ್ರಿಂಟರ್ ಬೇರೆ, ಬಿಲ್ ಬೇರೆ ಮಾಡಿದೆ. ಬಿಲ್ಲನ್ನು ರೀಡ್‌ಓನ್ಲಿ (ಒಮ್ಮೆ ತುಂಬಿದ ಮೇಲೆ ಬದಲಿಸಲಾಗದ) ಕ್ಲಾಸ್ ಮಾಡಿದ್ದೇನೆ, 8.2ರಲ್ಲಿ ಕ್ಲಾಸಿಗೇ ರೀಡ್‌ಓನ್ಲಿ ಅಂತ ಬರೆಯಬಹುದು. ಈಗ ಯಾರಾದರೂ ಹಳೇ ಬಿಲ್ಲನ್ನು ತೊಳೆದು ಬಳಸಲು ಹೋದರೆ ಪಿಎಚ್‌ಪಿಯೇ ಬೈಯುತ್ತದೆ. ಮುಚ್ಚಿದ್ದ ಒಟ್ಟಿಗೆ ಮೇಲ್ ಕಳಿಸುವ ಕೋಡ್ ತೆಗೆದೆ, ನಡೆಯುತ್ತಿದೆ.

ಟೆಸ್ಟ್ ಕೂಡ ಒಂದು ಬರೆದೆ. ಹೊಸೂರು, ಅತ್ತಿಬೆಲೆ, ಮತ್ತೆ ಹೊಸೂರು, ಜಿಗಣಿ, ಈ ಕ್ರಮದಲ್ಲಿ. ಆಮೇಲೆ ಅದನ್ನೇ ತಿರುಗಿಸಿ. ಎರಡರಲ್ಲೂ ಪ್ರತಿ ಗ್ರಾಹಕರ ತೆರಿಗೆ ಒಂದೇ ಇರಬೇಕು.

ಒಂದು ಉಳಿದಿದೆ. ಹಳೇ ಕ್ಲಾಸಿನಲ್ಲಿ ಬಿಲ್ ನಂಬರ್ ಸ್ಟ್ಯಾಟಿಕ್ ಪ್ರಾಪರ್ಟಿ ಆಗಿತ್ತು, ಪ್ರತಿ ಬಿಲ್ಲಿಗೂ ಒಂದು ಹೆಚ್ಚುತ್ತಿತ್ತು. ದಿನದ ಶುರುವಿನಲ್ಲಿ ಡೇಟಾಬೇಸಿನಿಂದ ಕೊನೆಯ ನಂಬರ್ ಓದುತ್ತದೆ. ಇದನ್ನು ಎಲ್ಲಿಡಲಿ?

---

ಹಳೇ ಸರ್ವರ್:

ಆಬ್ಜೆಕ್ಟಿನಲ್ಲಿ ಇಡಲೇಬೇಡಿ. ಸ್ಟ್ಯಾಟಿಕ್ ಬದುಕುವುದು ಆ ಒಂದು ಪ್ರೊಸೆಸ್ ಒಳಗೆ ಮಾತ್ರ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಎರಡು ಪ್ರೊಸೆಸ್, ಇಬ್ಬರಿಗೂ ಅದೇ ನಂಬರ್. ಜಿಎಸ್‌ಟಿಯ 46ನೇ ನಿಯಮದ ಪ್ರಕಾರ ಬಿಲ್ ನಂಬರ್ ಸಾಲಾಗಿ ಬರಬೇಕು, 16 ಅಕ್ಷರ ದಾಟಬಾರದು, ಒಂದು ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಡೇಟಾಬೇಸಿನಲ್ಲಿ ವರ್ಷಕ್ಕೊಂದು ಸಾಲಿನ ಚಿಕ್ಕ ಟೇಬಲ್ ಮಾಡಿ. ಟ್ರಾನ್ಸಾಕ್ಷನ್ ಒಳಗೆ ಆ ಸಾಲನ್ನು 'ಸೆಲೆಕ್ಟ್ ಫಾರ್ ಅಪ್‌ಡೇಟ್' ಮಾಡಿ ಬೀಗ ಹಾಕಿ, ಒಂದು ಹೆಚ್ಚಿಸಿ, ಅದೇ ಟ್ರಾನ್ಸಾಕ್ಷನ್ನಿನಲ್ಲಿ ಬಿಲ್ಲನ್ನೂ ಉಳಿಸಿ. ಬಿಲ್ ಉಳಿಯದೆ ಫೇಲ್ ಆದರೆ ನಂಬರೂ ಹಿಂದಕ್ಕೆ ಹೋಗುತ್ತದೆ, ನಡುವೆ ತೂತು ಬೀಳುವುದಿಲ್ಲ. ಪಿಡಿಎಫ್, ಮೇಲ್ ಎಲ್ಲ ಟ್ರಾನ್ಸಾಕ್ಷನ್ ಮುಗಿದ ಮೇಲೆ ಮಾಡಿ. ಬೀಗ ಹಾಕಿಕೊಂಡು ಮೇಲ್ ಸರ್ವರಿಗೆ ಕಾಯುತ್ತಾ ಕೂರುವುದು ಬೇಡ.

ಏಪ್ರಿಲ್ 1ಕ್ಕೆ ಹೊಸ ಸಾಲು ಸೇರಿಸಿದರೆ ನಂಬರ್ ಮತ್ತೆ ಒಂದರಿಂದ ಶುರು.

---

ಪೀಣ್ಯ ಎರಡನೇ ಹಂತ:

ಸರಿ ಸರ್, ಹಾಗೇ ಮಾಡುತ್ತೇನೆ. ಐಜಿಎಸ್‌ಟಿ ಅಂತ ಹೋದ ಹಳೇ ಬಿಲ್ಲುಗಳ ಪಟ್ಟಿಯನ್ನು ಡೇಟಾಬೇಸಿನಿಂದ ತೆಗೆದು ಆಡಿಟರಿಗೆ ಕೊಟ್ಟಿದ್ದೇನೆ. ಗ್ರಾಹಕರ ಕೋಡ್ 29, ತೆರಿಗೆ ಐಜಿಎಸ್‌ಟಿ, ಇವೆರಡೂ ಒಟ್ಟಿಗೆ ಇರುವ ಸಾಲುಗಳು. ತಪ್ಪು ಖಾತೆಗೆ ಕಟ್ಟಿದ್ದನ್ನು ಸರಿ ಖಾತೆಗೆ ಮತ್ತೆ ಕಟ್ಟಿ, ಮೊದಲಿನದಕ್ಕೆ ರೀಫಂಡ್ ಹಾಕಬಹುದಂತೆ. ಅದು ಅವರ ಕೆಲಸ. ವ್ಯೂ ಪೇಜನ್ನು ನಾಳೆ ನೋಡುತ್ತೇನೆ, ಅಲ್ಲೂ ಖಾಲಿ ಫಾರ್ಮ್ ಕಾನ್ಸ್ಟ್ ಆಗಿಯೇ ಇದೆ.